ಗುಳಿಗೆ ಬಾರದ ಮನೆ

ಜೋಳದ ಗಡಿಗೆ ತುಂಬಿದ ದಿನ ನಮ್ಮವ್ವ ಹೆದರುತ್ತಿದ್ದಳು. ಖಾಲಿ ಇದ್ದಾಗ ಅವಳಿಗೆ ಅಂಥ ಹೆದರಿಕೆ ಇರುತ್ತಿರಲಿಲ್ಲ. ಯಾರನ್ನಾದರೂ ಬೈಯುತ್ತಾ, ಓಣಿಯಲ್ಲಿ ಹಿಟ್ಟು ಕೈಗಡ ತರುತ್ತಾ, ನಡುನಡುವೆ ನಗುತ್ತಾ ದಿನ ದೂಡುತ್ತಿದ್ದಳು. ಸುಗ್ಗಿ ಮುಗಿದು ಕೂಲಿಯ ಜೋಳ ಮನೆಗೆ ಬಂದು ಗಡಿಗೆ ಬಾಯಿತನಕ ತುಂಬಿತೋ, ಅವಳ ಮಾತು ನಿಂತುಹೋಗುತ್ತಿತ್ತು. ಗಡಿಗೆಯ ಮುಚ್ಚಳದ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಬಹಳ ಹೊತ್ತು ಪ್ರಾರ್ಥನೆ ಮಾಡುತ್ತಿದ್ದಳು. ಮಾನ್ವಿಯ ನಮ್ಮ ಸಣ್ಣ ಮನೆಯಲ್ಲಿ ಅವಳ ತುಟಿ ಅಲ್ಲಾಡುವುದನ್ನು ನೋಡುತ್ತಾ ನಾನು ಕೂತಿರುತ್ತಿದ್ದೆ.

"ಯವ್ವಾ, ಈಗ್ಯಾಕ ಅಂಜ್ತಿ, ಗಡಿಗಿ ತುಂಬ್ಯಾದಲ್ಲ" ಎಂದು ಒಮ್ಮೆ ಕೇಳಿದ್ದೆ.

"ತುಂಬ್ಯಾದಂತನ ಅಂಜಿಕಿ ಬೇ. ಖಾಲಿ ಇದ್ದಾಗ ದೇವ್ರ ಹೆಸರು ತಾನಾಗೆ ಬಾಯಿಗೆ ಬರ್ತದ. ತುಂಬಿದಾಗ ಮರ್ತು ಬಿಡ್ತೀನೋ ಏನೋ."

ಇದು ಬಡವರ ಮಾತು ಎಂದುಕೊಂಡಿದ್ದೆ. ವ್ಯಾಪಾರ ತಿಳಿಯದವರ ಮಾತು ಎಂದುಕೊಂಡಿದ್ದೆ. ನಾನು ವ್ಯಾಪಾರ ಕಲಿತೆ.

ನನ್ನ ಮೊದಲ ಅಂಗಡಿ ನನ್ನ ತಲೆಯ ಮೇಲಿತ್ತು, ಒಂದು ಬುಟ್ಟಿ. ಅದರ ತುಂಬ ಸ್ಟೀಲಿನ ತಾಟು, ತಂಬಿಗೆ, ಡಬ್ಬಿ. ಮಾನ್ವಿಯಿಂದ ಬಸ್ಸು ಹಿಡಿದು ದೇವದುರ್ಗದ ಕಡೆಯ ಹಳ್ಳಿಗಳಿಗೆ ಹೋಗಿ, ಹಳೆಯ ಬಟ್ಟೆ ತೆಗೆದುಕೊಂಡು ಪಾತ್ರೆ ಕೊಡುತ್ತಿದ್ದೆ. ಆ ಕಸುಬಿನಲ್ಲಿ ಕಲಿತದ್ದನ್ನು ಹೊಸಬರಿಗೆ ಹೇಳುವುದೆಂದರೆ ನನಗೆ ಇವತ್ತಿಗೂ ಇಷ್ಟ. ಹಳೆಯ ರೇಷ್ಮೆ ಸೀರೆ ಕೈಗೆ ಬಂದರೆ ಅಂಚು ನೋಡಬೇಡಿ, ಮಡಿಕೆ ಬಿಡಿಸಿ ನೋಡಿ, ಸೀರೆ ಸೀಳುವುದು ಮಡಿಕೆಯಲ್ಲಿ. ಗಿರಾಕಿಯ ಕಣ್ಣು ಯಾವ ಪಾತ್ರೆಯ ಮೇಲಿದೆಯೋ ಅದನ್ನು ಮೊದಲು ಕೈಗೆ ಕೊಡಬೇಡಿ, ಅದರ ಪಕ್ಕದ್ದು ಕೊಡಿ. ಅವಳು ತಾನಾಗಿ ಬಾಯಿ ಬಿಟ್ಟು ಕೇಳಿದ ಮೇಲೆ ದರ ನಿಮ್ಮದು. ಇನ್ನೊಂದು: ಎದುರಿಗಿರುವವರು ಕೂಗಾಡಿದರೆ ಹೆದರಬೇಡಿ, ಕೂಗಾಡುವವರು ಕೊಳ್ಳುತ್ತಾರೆ. ಏನೂ ಮಾತಾಡದೆ ಸುಮ್ಮನೆ ನೋಡುವವರಿಗೆ ಹೆದರಿ. ಅವರ ಮನಸ್ಸಿನಲ್ಲಿರುವ ಬೆಲೆ ನಿಮಗೆ ಗೊತ್ತಾಗುವುದಿಲ್ಲ.

ಬುಟ್ಟಿಯಿಂದ ಕೈಗಾಡಿ, ಕೈಗಾಡಿಯಿಂದ ರಾಯಚೂರಿನ ಬಜಾರಿನ ಸಂದಿಯಲ್ಲಿ ಒಂದು ಕತ್ತಲೆ ಮಳಿಗೆ. ಭಾಂಡೆ ಅಂಗಡಿ, ಅಂದರೆ ಪಾತ್ರೆಯ ಅಂಗಡಿ, ಎಂದರೆ ಮದುವೆಯ ಅಂಗಡಿಯೇ. ಹೆಣ್ಣಿನ ಕಡೆಯವರು ಕೊಡುವ ಕೊಡ, ಹಂಡೆ, ಪರಾತ ಎಲ್ಲದರ ಮೇಲೆ ಹೆಸರು ಹಾಕಿಸಬೇಕು. ಆ ಕೆಲಸ ನಮ್ಮ ಮನೆಯವರದು. ಹತ್ತಿ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದ ಮನುಷ್ಯ, ಕರೆಂಟಿನ ಪೆನ್ನು ಹಿಡಿದು ಸ್ಟೀಲಿನ ಮೇಲೆ ಹೂಬಳ್ಳಿಯ ಹಾಗೆ ಅಕ್ಷರ ಕೊರೆಯುವುದನ್ನು ತಾವೇ ಕಲಿತರು. ಮಳಿಗೆಯ ಹಿಂದೆ ಅಟ್ಟದ ಕೆಳಗೆ ಅವರದೊಂದು ಮೂಲೆ. ಅಲ್ಲಿ ಕೂತರೆ ಮೇಲಕ್ಕೆ ಏಳುತ್ತಿರಲಿಲ್ಲ. ಮಾತು ಕಡಿಮೆ. ಆಡಿದರೆ ನಗುವಂಥದ್ದು, ಆದರೆ ಆಮೇಲೆ ಯೋಚಿಸಿದರೆ ಚುಚ್ಚುವಂಥದ್ದು.

ರಾಯಚೂರಿಗೆ ಬಂದ ಮೇಲೂ ಸುಗ್ಗಿ ಹಬ್ಬಕ್ಕೆ ನಾವು ಮಾನ್ವಿಯ ಸಭೆಗೇ ಹೋಗುತ್ತಿದ್ದೆವು. ಆವತ್ತು ಚರ್ಚಿನಲ್ಲಿ ಜನ ತಮ್ಮ ಬೆಳೆಯ ಮೊದಲ ಪಾಲು ತಂದು ಮುಂದೆ ಇಡುತ್ತಾರೆ. ಭತ್ತ, ಮೆಣಸಿನಕಾಯಿ, ಕುಂಬಳ, ಕೋಳಿ. ಹೊಲ ಇಲ್ಲದ ನಮ್ಮಂಥವರು ಕೈಲಾದದ್ದು ಇಡುತ್ತೇವೆ. ನಾನು ಒಂದು ಹೊಸ ಕೊಡ ಇಡುತ್ತಿದ್ದೆ. ಕಾಣಿಕೆ ಆದ ಮೇಲೆ ಸಾಕ್ಷಿ. ಅಂದರೆ, ವರ್ಷದಲ್ಲಿ ದೇವರು ತನಗೆ ಏನು ಮಾಡಿದ ಎಂಬುದನ್ನು ಮನಸ್ಸು ಬಂದವರು ಎದ್ದು ನಿಂತು ಎಲ್ಲರ ಮುಂದೆ ಹೇಳುವುದು.

ಮೊದಲ ವರ್ಷ ಎದ್ದಾಗ ನನ್ನ ಕಾಲು ನಡುಗಿತ್ತು. "ಅಂಗಡಿ ಆತು. ದೇವ್ರಿಗೆ ಸ್ತೋತ್ರ" ಎಂದಷ್ಟೇ ಹೇಳಿ ಕುಸಿದು ಕೂತೆ. ವರ್ಷ ಕಳೆದಂತೆ ಕಾಲು ಗಟ್ಟಿಯಾಯಿತು, ಮಾತು ಉದ್ದವಾಯಿತು. ಒಂದು ಸಲ, ಬಾಯಿಗೆ ಹೇಗೆ ಬಂತೋ, "ನಮ್ಮ ಮನಿಗೆ ಇವತ್ತಿನತನಕ ಒಂದು ಗುಳಿಗಿ ಬಂದಿಲ್ಲ" ಎಂದೆ. ಹೆಂಗಸರ ಕಡೆಯಿಂದ ಜೋರಾಗಿ "ಸ್ತೋತ್ರ" ಬಂತು. ಆ ಸದ್ದು ನನಗೆ ಬಹಳ ಹಿಡಿಸಿತು. ಮುಂದಿನ ವರ್ಷವೂ ಹೇಳಿದೆ. ಆಮೇಲೆ ನಾನು ಎದ್ದರೆ ಸಾಕು, ಜನ ಅದಕ್ಕೇ ಕಾಯತೊಡಗಿದರು. ಯಾರದಾದರೂ ಮನೆಗೆ ಜ್ವರ ನೋಡಲು ಹೋದರೆ, ಮೂಸಂಬಿ ಕೊಟ್ಟು, ತಲೆ ಸವರಿ, ಪ್ರಾರ್ಥನೆ ಮಾಡಿ ಹೊರಬರುವಾಗ, ಇವರಲ್ಲಿ ಏನೋ ಕಡಿಮೆ ಇದೆ ಎಂದು ಒಳಗೊಳಗೇ ಅನ್ನಿಸುತ್ತಿತ್ತು. ಗಳಿಕೆಯ ಹತ್ತರಲ್ಲೊಂದು ಪಾಲು, ದಶಮಾಂಶ, ದೇವರಿಗೆ ಸರಿಯಾಗಿ ಕೊಡುತ್ತಾರೋ ಇಲ್ಲವೋ. ನಾನಂತೂ ತಪ್ಪಿಸಿದವಳಲ್ಲ. ವಿಮೆಯ ಕಂತು ಕಟ್ಟಿದ ಹಾಗೆ ಕಟ್ಟುತ್ತಿದ್ದೆ. ಕಟ್ಟಿದ ಮೇಲೆ ನನ್ನ ಮನೆ ಕಾಯುವ ಕೆಲಸ ಆತನದು. ಸೌದಾ ಸೌದಾನೇ ಅಲ್ಲವೇ, ಹೀಗೇ ಯೋಚಿಸುತ್ತಿದ್ದೆ.

ಸಂದಿಯ ಮಳಿಗೆ ಸಾಲದೆ ದೊಡ್ಡ ರಸ್ತೆಯಲ್ಲಿ ಅಂಗಡಿ ತೆರೆಯಲು ನಿಶ್ಚಯಿಸಿದ ವರ್ಷ, ಸುಗ್ಗಿ ಹಬ್ಬದಲ್ಲಿ ಪಾಸ್ಟರು ಒಬ್ಬ ಐಶ್ವರ್ಯವಂತನ ಕಥೆ ಹೇಳಿದರು. ನಮ್ಮ ಜನಕ್ಕೆಲ್ಲ ಗೊತ್ತಿರುವ ಕಥೆಯೇ. ಅವನ ಹೊಲ ಚೆನ್ನಾಗಿ ಬೆಳೆಯಿತು, ಕಣಜ ಹಿಡಿಸಲಿಲ್ಲ. ಇದ್ದದ್ದನ್ನು ಕೆಡವಿ ದೊಡ್ಡದು ಕಟ್ಟಿಸುತ್ತೇನೆ, ಆಮೇಲೆ ಎಷ್ಟೋ ವರ್ಷ ಉಂಡು ಕುಡಿದು ಆರಾಮಾಗಿರುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡ. ಅವತ್ತೇ ರಾತ್ರಿ ದೇವರು ಅವನ ಪ್ರಾಣವನ್ನು ಕೇಳಿಬಿಟ್ಟ. ನಾನು ಮುಂದಿನ ಬೆಂಚಿನಲ್ಲಿ ಕೂತಿದ್ದ ಕಂಟ್ರಾಕ್ಟರನ ಬೆನ್ನನ್ನೇ ನೋಡುತ್ತಿದ್ದೆ. ಹೊಸ ಕಾರು ತಂದಿದ್ದ. ಸರಿಯಾಗಿ ಬಿತ್ತು ಇವನಿಗೆ ಎಂದುಕೊಂಡೆ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ನಮ್ಮ ಮನೆಯವರು ಕಿಟಕಿಯಾಚೆ ಭತ್ತದ ಗದ್ದೆ ನೋಡುತ್ತಾ ಕೇಳಿದರು.

"ಇವತ್ತಿನ ಮಾತು ನಮಗೇನು?"

"ನಮಗ್ಯಾಕ ಅಂತಾರ್ರೀ. ಅಂವ ಎಲ್ಲಾ ತಾನ ಇಟ್ಕೊಂಡಿದ್ದ. ನಾವು ಕೊಟ್ಟೀವಲ್ಲ."

"ಹಂಗಾದ್ರ ರಸೀದಿ ಜ್ವಾಪಾನ ಇಟ್ಕೋ. ಮ್ಯಾಲ ಕೇಳಿದ್ರ ತೋರ್ಸಾಕ ಬೇಕಾಗ್ತದ."

ನಾನು ನಕ್ಕೆ. ಅವರೂ ನಕ್ಕರು.

ಹೊಸ ಅಂಗಡಿಗೆ ಮುಂದೆ ಪೂರ್ತಿ ಗಾಜು. ಮೇಲೆ ಸಾಲು ಸಾಲು ಲೈಟು. ಕೆಳಗೆ ಮುಖ ಕಾಣುವಂಥ ಗ್ರಾನೈಟು. ಪಾಸ್ಟರು ಬಂದು ಚೌಕಟ್ಟಿಗೆ ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡಿದರು. ಪ್ರಾರ್ಥನೆ ಮಾಡಿಸಿದ ನೆಲದ ಮೇಲೆ ಚಪ್ಪಲಿ ಮೆಟ್ಟಬಾರದು ಎಂದು ಅವತ್ತೇ ಕಟ್ಟಳೆ ಮಾಡಿದೆ. ಗಿರಾಕಿಗಳಿಗೆ ಬೇಕಾದರೆ ಬಿಡುತ್ತಿದ್ದೆ, ನಮ್ಮವರಿಗಿಲ್ಲ. ಅಟ್ಟ ಹೋಯಿತು, ಅಟ್ಟದ ಕೆಳಗಿನ ಮೂಲೆ ಹೋಯಿತು. ಹೆಸರು ಹಾಕುವುದು ಜನಕ್ಕೆ ಕಾಣಲಿ ಎಂದು ನಮ್ಮ ಮನೆಯವರ ಮೇಜನ್ನು ಗಾಜಿನ ಹಿಂದೆ, ರಸ್ತೆಗೆ ಮುಖ ಮಾಡಿ ಹಾಕಿಸಿದೆ.

"ಮೀನ ಇಟ್ಟಂಗ ಇಟ್ಟೀಯಲ್ಲ ನನ್ನ" ಎಂದರು.

ಅವರು ಸೊರಗುತ್ತಿದ್ದದ್ದು ನನಗೆ ಕಾಣದೆ ಇರಲಿಲ್ಲ. ಪದೇಪದೇ ನೀರು ಕುಡಿಯುತ್ತಿದ್ದರು. ರಾಯಚೂರಿನ ಬಿಸಿಲು, ಎಂದುಕೊಂಡೆ. ಅಕ್ಷರ ಕೊರೆಯುವಾಗ ಕೊಡವನ್ನು ಮೂಗಿನ ಹತ್ತಿರ ಹಿಡಿಯುತ್ತಿದ್ದರು. ವಯಸ್ಸು, ಎಂದುಕೊಂಡೆ. ಒಳ್ಳೆಯ ದಿನಗಳಲ್ಲಿ ಪ್ರತಿಯೊಂದಕ್ಕೂ ಒಂದು ಸುಲಭದ ಉತ್ತರ ಕೈಗೆ ಸಿಗುತ್ತದೆ.

ಆ ಬೇಸಿಗೆಯಲ್ಲಿ ದೇವದುರ್ಗದಿಂದ ದೊಡ್ಡ ಆರ್ಡರು ಬಂತು. ಬುಟ್ಟಿ ಹೊತ್ತ ಕಾಲದಿಂದ ನನಗೆ ಗುರುತಿದ್ದ ಮನೆ. ಹಣೆತುಂಬ ವಿಭೂತಿ ಹಚ್ಚುವ ಆ ಮನೆಯ ಹಿರಿಯ ಅಮ್ಮ, ಹಿಂದೆ ನನ್ನ ಬುಟ್ಟಿ ಇಳಿಸಿಕೊಂಡು ಮಜ್ಜಿಗೆ ಕೊಡುತ್ತಿದ್ದವರು. ಅವರ ಮೊಮ್ಮಗಳ ಮದುವೆ. ಪಾತ್ರೆಗಳನ್ನು ಒಂದು ವಾರ ನಾವಿಬ್ಬರೇ ನಿಂತು ರಟ್ಟಿನ ಡಬ್ಬಗಳಿಂದ ಬಿಚ್ಚಿ, ಹೆಸರು ಹಾಕಿ, ಬಾಡಿಗೆ ಗಾಡಿಗೆ ಏರಿಸಿದೆವು. ಆ ಡಬ್ಬಗಳಿಗೆ ಹೊಡೆದಿರುವ ತಾಮ್ರದ ಬಣ್ಣದ ದಪ್ಪ ಪಿನ್ನುಗಳು ನೆಲದ ತುಂಬ ಬಿದ್ದಿದ್ದವು. ಗುಡಿಸಿದೆ. ಎಲ್ಲವನ್ನೂ ಗುಡಿಸಿದೆ ಎಂದುಕೊಂಡೆ.

ದೇವದುರ್ಗದ ಆ ಮನೆಯ ಪಡಸಾಲೆಗೆ ಶಾಬಾದಿ ಕಲ್ಲಿನ ನೆಲ. ಮದುವೆಮನೆಯೆಂದು ತೊಳೆದು ಒರೆಸಿ ಇಟ್ಟಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಎಲ್ಲರೂ ಪಾತ್ರೆ ಒಳಗೆ ಸಾಗಿಸಿದೆವು. ನಾನು, ನಮ್ಮ ಮನೆಯವರು, ಗಾಡಿಯವನು, ಮನೆಯ ಗಂಡಸರು. ಹಂಡೆಯೊಳಗೆ ಕೊಡ, ಕೊಡದೊಳಗೆ ತಂಬಿಗೆ ಜೋಡಿಸಿ ಗೋಡೆಗೆ ನಿಲ್ಲಿಸಿ, ನಾನು ಸೊಂಟದ ಮೇಲೆ ಕೈ ಇಟ್ಟು ನಿಂತೆ. ಅಮ್ಮ ಹಂಡೆಯ ಮೇಲಿನ ಹೆಸರನ್ನು ಬೆರಳಿನಿಂದ ಸವರಿ, "ಬುಟ್ಟಿ ಹೊತ್ಕೊಂಡ ಬರ್ತಿದ್ದಾಕಿ, ಈಗ ಗಾಡಿ ತುಂಬ್ಕೊಂಡ ಬಂದೀಯಲ್ಲವ್ವ" ಎಂದರು.

"ಎಲ್ಲಾ ದೇವ್ರು ನಡಸ್ಯಾನ್ರೀ ಅಮ್ಮಾರ. ಏನೂ ಕಡಿಮಿ ಮಾಡಿಲ್ಲ" ಎಂದೆ. ಅದನ್ನು ಹೇಳುವಾಗ ನನ್ನ ಗದ್ದ ಸ್ವಲ್ಪ ಮೇಲಕ್ಕೆದ್ದಿರಬೇಕು.

ಆಗ ಅಮ್ಮನ ಕಣ್ಣು ನೆಲಕ್ಕೆ ಹೋಯಿತು.

"ಇದೇನವ್ವ?"

ಬಾಗಿಲಿನಿಂದ ಪಡಸಾಲೆಯ ಗೋಡೆಯತನಕ, ಬೂದು ಕಲ್ಲಿನ ಮೇಲೆ, ಕೆಂಪು ಗುರುತು. ಒಂದು ಬಿಟ್ಟು ಒಂದು ಹೆಜ್ಜೆ. ಹೋದದ್ದು, ಬಂದದ್ದು, ಮತ್ತೆ ಹೋದದ್ದು. ಕುಂಕುಮದ ನೀರು ತುಳಿದಿರಬೇಕು ಎಂದರು ಯಾರೋ. ಅಮ್ಮ ಬಗ್ಗಿ ಬೆರಳಿನಿಂದ ಮುಟ್ಟಿ, ಬೆರಳನ್ನು ಬೆಳಕಿಗೆ ಹಿಡಿದರು.

"ರಕ್ತ ಅದ. ಯಾರ ಕಾಲಿಗೆ ಏನಾಗ್ಯಾದ ನೋಡ್ಕೋರ್ರಿ."

ಎಲ್ಲರೂ ನಿಂತಲ್ಲೇ ಒಂದೊಂದು ಕಾಲು ಎತ್ತಿ ಅಂಗಾಲು ನೋಡಿಕೊಂಡೆವು. ನಾನೂ ನೋಡಿಕೊಂಡೆ, ಏನೂ ಇಲ್ಲ. ಗಾಡಿಯವನು ಎರಡೂ ಕಾಲು ನೋಡಿಕೊಂಡು ತಲೆ ಅಲ್ಲಾಡಿಸಿದ. ನಮ್ಮ ಮನೆಯವರು ಮಾತ್ರ ನೋಡಿಕೊಳ್ಳಲಿಲ್ಲ. ಅವರು ಉಳಿದವರ ಕಾಲು ನೋಡುತ್ತಿದ್ದರು, ಪಾಪ ಯಾರಿಗೆ ಏನಾಯಿತೋ ಎಂಬಂತೆ. ಅವರು ನಿಂತ ಜಾಗದಲ್ಲಿ, ಬಲಗಾಲಿನ ಅಂಚಿನಿಂದ ಕೆಂಪು ನಿಧಾನವಾಗಿ ಹರಡುತ್ತಿತ್ತು.

"ರೀ, ನಿಮ್ಮ ಕಾಲು."

"ನಂದಾ?" ಎಂದರು.

ಗೋಡೆಗೆ ಒರಗಿ ಕಾಲು ಎತ್ತಿದರು. ಕಿರುಬೆರಳಿನ ಬುಡದಲ್ಲಿ ಡಬ್ಬದ ಪಿನ್ನು ಪೂರ್ತಿ ಒಳಗೆ ಹೋಗಿತ್ತು. ಗಾಯ ಅವತ್ತಿನದಲ್ಲ. ಸುತ್ತ ಚರ್ಮ ಕಪ್ಪಾಗಿ ಬಾತುಕೊಂಡಿತ್ತು. ಅದರ ಮೇಲೆಯೇ ಅವರು ದಿನಗಟ್ಟಲೆ ಓಡಾಡಿದ್ದರು. ಭಾರ ಹೊತ್ತು ಮೆಟ್ಟಿಲು ಹತ್ತಿದ್ದರು. ತಮ್ಮ ಅಂಗಾಲನ್ನು ಬೇರೆ ಯಾರದೋ ಕಾಲು ನೋಡುವ ಹಾಗೆ ನೋಡಿದರು.

"ನೋವೇ ಇಲ್ಲಲ್ಲ" ಎಂದರು.

ಮದುವೆಮನೆಯಲ್ಲಿ ರಕ್ತ ಬಿತ್ತಲ್ಲ ಎಂದು ಹಿಂದಿನಿಂದ ಒಂದು ದನಿ ಗೊಣಗಿತು. "ಸುಮ್ಕಿರು. ಮನಿಗೆ ಬಂದ ಮನಷ್ಯಾನ ಕಾಲು ಅದು" ಎಂದು ಅಮ್ಮ ಗದರಿದರು. ತಾವೇ ನೀರು ತಂದು ತೊಳೆದು, ಅರಿಶಿನ ಮೆತ್ತಿ ಬಟ್ಟೆ ಕಟ್ಟಿದರು. ಕಟ್ಟುವಾಗ ನನ್ನ ಮುಖ ನೋಡದೆ ಮೆಲ್ಲಗೆ ಹೇಳಿದರು: "ಗಾಯ ಆಗ್ಯಾದಂತ ನನಗ ಅಂಜಿಕಿ ಇಲ್ಲವ್ವ. ಗೊತ್ತಾಗಿಲ್ಲಲ್ಲ, ಅದಕ್ಕ ಅಂಜಿಕಿ. ಲಗೂನ ಕರ್ಕೊಂಡ ಹೋಗು."

ಗಡಿಗೆಯ ಮುಚ್ಚಳದ ಮೇಲಿನ ನಮ್ಮವ್ವನ ಅಂಗೈ ಆಗ ನೆನಪಾಯಿತು. ಎಷ್ಟೋ ವರ್ಷಗಳ ಮೇಲೆ.

ಗಾಡಿ ರಾಯಚೂರಿನ ಕಡೆ ಓಡುತ್ತಿತ್ತು. ಕಲ್ಮಲ ಊರು ಬಂತು. ಆಮೇಲೆ ಅವರು, ಗಾಡಿಯವನಿಗೆ ಕೇಳಿಸದ ಹಾಗೆ, ತಮ್ಮ ಮಾಮೂಲಿನ ದನಿಯಲ್ಲಿ ಹೇಳಿದರು.

"ನನಗ ಶುಗರ್ ಅದ."

"ಯಾವಾಗಿಂದ?"

"ಹಳಿ ಅಂಗಡ್ಯಾಗ ಇದ್ದಾಗಿಂದ. ಮಾನ್ವ್ಯಾಗ ಪುಕ್ಕಟ ತಪಾಸಣಿ ಇಟ್ಟಿದ್ರಲ್ಲ, ಅವತ್ತು ಹೇಳಿದ್ರು. ಗುಳಿಗಿ ತಗೊಳ್ತಿದ್ದೆ."

"ಎಲ್ಲಿಟ್ಟಿದ್ರಿ? ನಾ ನೋಡೇ ಇಲ್ಲ."

"ಅಟ್ಟದ ಮ್ಯಾಲ ಒಂದು ಸೊಟ್ಟ ತಂಬಿಗಿ ಇತ್ತಲ್ಲ, ಯಾರೂ ಕೇಳಲಾರದ್ದು. ಅದರಾಗ."

"ಮತ್ತ ಈಗ?"

"ಈಗೆಲ್ಲಿ ಇಡ್ಲಿ. ಎಲ್ಲಾ ಕಡಿ ಗಾಜು ಮಾಡ್ಸೀದಿ. ಬಿಟ್ಟೆ."

ಗಾಡಿ ಒಂದು ತಗ್ಗಿಗೆ ಇಳಿದು ಎದ್ದಿತು. ಹಿಂದೆ ಖಾಲಿ ಡಬ್ಬಗಳು ಒಂದರ ಮೇಲೊಂದು ಬಿದ್ದವು.

"ಮನಿಗೆ ತರಬಾರದಿತ್ತೇನ್ರಿ?"

"ಮನಿಗೆ ತಂದ್ರ ನಿನ್ನ ಸಾಕ್ಷಿ ಸುಳ್ಳಾಗ್ತಿತ್ತಲ್ಲ. ಅಷ್ಟು ಮಂದ್ಯಾಗ ನಿಂತ ಹೇಳ್ತಿದ್ದಿ. ಅದಕ್ಕ ಅಂಗಡ್ಯಾಗ ಇಟ್ಟಿದ್ದೆ. ನೀ ಹೇಳಿದ್ದು ಖರೇನ ಇತ್ತು, ಮನಿಗೆ ಬಂದಿರಲಿಲ್ಲ."

ನಾನು ಬಗ್ಗಿ ಅವರ ಕಾಲಿಗೆ ಕಟ್ಟಿದ್ದ ಬಟ್ಟೆಯನ್ನು ಬಿಗಿ ಮಾಡಿದೆ.

ರಾಯಚೂರಿನ ದವಾಖಾನೆಯಲ್ಲಿ ಡಾಕ್ಟರಮ್ಮ ಗಾಯ ನೋಡುವ ಮೊದಲು ಒಂದು ಕೆಲಸ ಮಾಡಿದರು. ಕಣ್ಣು ಮುಚ್ಚಿಕೊಳ್ಳಿ, ಮುಟ್ಟಿದಾಗ ಹೂಂ ಅನ್ನಿ ಎಂದು ಹೇಳಿ, ಸಣ್ಣ ತಂತಿಯಂಥದ್ದೊಂದರಿಂದ ಅವರ ಅಂಗಾಲನ್ನು ಅಲ್ಲಲ್ಲಿ ಮುಟ್ಟುತ್ತಾ ಹೋದರು. ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಹೆಬ್ಬೆರಳಿಗೆ ಮುಟ್ಟಿದರು. ಹೂಂ ಇಲ್ಲ. ಹಿಮ್ಮಡಿಗೆ ಮುಟ್ಟಿದರು. ಇಲ್ಲ. ನಾನು "ಹೂಂ ಅನ್ರೀ, ಹೂಂ ಅನ್ರೀ" ಎಂದು ಮನಸ್ಸಿನಲ್ಲಿ ಬೇಡಿಕೊಳ್ಳುತ್ತಿದ್ದೆ. ಅವರು ಕಣ್ಣು ಮುಚ್ಚಿಕೊಂಡು, ಇನ್ನೂ ಶುರುವಾಗಿಲ್ಲ ಎಂಬ ನಂಬಿಕೆಯಲ್ಲಿ, ಸಮಾಧಾನವಾಗಿ ಕಾಯುತ್ತಾ ಮಲಗಿದ್ದರು. "ಮುಟ್ರಿ ಡಾಕ್ಟ್ರ" ಎಂದು ಕೊನೆಗೆ ಅವರೇ ಹೇಳಿದರು. ಅಷ್ಟು ಹೊತ್ತಿಗೆ ಆ ತಪಾಸಣೆ ಮುಗಿದಿತ್ತು.

ಅಂಥ ಸಮಾಧಾನದ ಮುಖವನ್ನು ನಾನು ಮತ್ತೆ ನೋಡಲಾರೆ. ಅದು ನನ್ನದೇ ಮುಖ ಎಂದು ಅನ್ನಿಸಿತು.

ಒಳಗೆ ಕೀವು ಎಲುಬಿನತನಕ ಹೋಗಿದೆ, ಮೇಲಕ್ಕೆ ಏರಿದರೆ ಪಾದವನ್ನೇ ತೆಗೆಯಬೇಕಾಗುತ್ತದೆ ಎಂದರು. ಕೆಂಪು ಎಲ್ಲಿಯತನಕ ಬಂದಿದೆಯೋ ಅಲ್ಲಿ, ಕಣಕಾಲಿನ ಕೆಳಗೆ, ಚರ್ಮದ ಮೇಲೆ ಪೆನ್ನಿನಿಂದ ಸುತ್ತಲೂ ಒಂದು ಗೆರೆ ಎಳೆದರು. ಔಷಧಿ ಹಿಡಿದರೆ ಕೆಂಪು ಗೆರೆಯೊಳಗೆ ನಿಲ್ಲುತ್ತದೆ. ದಾಟಿದರೆ ಕಾಯುವ ಹಾಗಿಲ್ಲ.

"ನನ್ನ ಕಾಲಿಗೂ ಹೆಸರ ಹಾಕಾಕತ್ಯಾರ ನೋಡು" ಎಂದರು ನಮ್ಮ ಮನೆಯವರು.

ಆ ಗೆರೆಯನ್ನು ನೋಡುತ್ತಾ ನಾನು ದಿನ ಕಳೆದೆ. ಎಷ್ಟು ನೋಡಿದೆನೆಂದರೆ, ನೋಡನೋಡುತ್ತಾ ಕೆಂಪು ಜರುಗಿದ ಹಾಗೆ ಕಾಣುತ್ತಿತ್ತು. ನರ್ಸನ್ನು ಕರೆಯುತ್ತಿದ್ದೆ. ಅವಳು ಬಂದು ನೋಡಿ, "ಇಲ್ಲಮ್ಮ, ಅಲ್ಲೇ ಇದೆ" ಎಂದು ಹೋಗುತ್ತಿದ್ದಳು. ಮತ್ತೆ ಕರೆಯುತ್ತಿದ್ದೆ.

ಹೊರಗಿನ ಬೆಂಚಿನ ಮೇಲೆ ಕೂತಾಗ, ನನಗೆ ಬರುವ ಒಂದೇ ವಿದ್ಯೆಯನ್ನು ಶುರು ಮಾಡಿದೆ. ದೇವರ ಹತ್ತಿರ ಚೌಕಾಸಿಗೆ ಕೂತೆ. ಮೊದಲು, ಇಷ್ಟು ವರ್ಷ ಕಟ್ಟಿದ್ದನ್ನು ನೆನಪು ಮಾಡಿದೆ. ಆಮೇಲೆ ಮುಂದೆ ಹೆಚ್ಚು ಕೊಡುತ್ತೇನೆಂದೆ. ಮಾನ್ವಿಯ ಸಭೆಗೆ ಪಾತ್ರೆಗಳನ್ನೆಲ್ಲ ಕೊಡುತ್ತೇನೆಂದೆ. ಹೊಸ ಅಂಗಡಿ ಮುಚ್ಚಿ ಸಂದಿಗೆ ಹೋಗುತ್ತೇನೆಂದೆ. ನಾನು ಏರಿಸುತ್ತಾ ಹೋದೆ. ಆ ಕಡೆಯಿಂದ ಹೂಂ ಇಲ್ಲ, ಊಹೂಂ ಇಲ್ಲ. ಜೀವಮಾನವೆಲ್ಲ ಎದುರಿನವರ ಮುಖ ಓದಿ ಬದುಕಿದವಳಿಗೆ ಓದಲು ಮುಖವೇ ಇರಲಿಲ್ಲ. ಸುಮ್ಮನೆ ನೋಡುವ ಗಿರಾಕಿಗೆ ಹೆದರಿ ಎಂದು ಊರಿಗೆಲ್ಲ ಹೇಳಿದ್ದೆನಲ್ಲ. ಅವತ್ತು ಆ ಹೆದರಿಕೆ ಏನೆಂದು ಗೊತ್ತಾಯಿತು. ಒಂದು ವಿಷಯ ಆಗಲೇ ಹೊಳೆಯಿತು. ಇಷ್ಟು ವರ್ಷ ಆತ ನನ್ನ ಜೊತೆ ಸೌದಾ ಮಾಡಿಯೇ ಇರಲಿಲ್ಲ. ಎರಡೂ ಕಡೆಯ ಮಾತು ನಾನೇ ಆಡಿಕೊಂಡಿದ್ದೆ. ಆತ ಕೊಟ್ಟದ್ದು ಸುಮ್ಮನೆ ಕೊಟ್ಟದ್ದಾಗಿದ್ದರೆ, ತೆಗೆಯುವುದಕ್ಕೂ ಆತ ನನ್ನನ್ನು ಕೇಳಬೇಕಾಗಿಲ್ಲ.

ಮಾನ್ವಿಯಿಂದ ಸಭೆಯವರು ನೋಡಲು ಬಂದರು. ಹಿರಿಯರೊಬ್ಬರ ಹೆಂಡತಿ ನನ್ನ ಕೈ ಹಿಡಿದು, "ಅಕ್ಕಾ, ನೀವು ಅಷ್ಟು ಸಾಕ್ಷಿ ಹೇಳಿದವ್ರು. ನೀವ ಅಂಜಿದ್ರ ಹೆಂಗ? ಆರಾಮ ಆಗ್ಯಾದ ಅಂತ ನಂಬಿಕಿಲೆ ಹೇಳ್ರಿ, ಆಗ್ತದ" ಎಂದಳು. ಅದು ನಾನೇ ಅವಳ ಮಗುವಿಗೆ ಕಾಮಾಲೆ ಆದಾಗ ಹೇಳಿದ್ದ ಮಾತು. ಅಕ್ಷರವೂ ಬದಲಾಗಿರಲಿಲ್ಲ. ಅವಳು ತಂದಿದ್ದದ್ದೂ ಮೂಸಂಬಿಯೇ, ನನ್ನ ಮಡಿಲಲ್ಲಿತ್ತು.

"ಬ್ಯಾಡವ್ವ" ಎಂದೆ. "ಆರಾಮ ಅದ ಅಂತ ಅಂದು ಅಂದೇ ಇಲ್ಲಿಗೆ ಬಂದೀವಿ. ಆರಾಮ ಇಲ್ಲ ಅಂತ ಹೇಳಿ ಪ್ರಾರ್ಥನಿ ಮಾಡು."

ಅವಳು ಕಣ್ಣು ಅಗಲಿಸಿ ನನ್ನ ನೋಡಿದಳು. ಆಮೇಲೆ ಮಾಡಿದಳು. ಮಾಡುವಾಗ ಅತ್ತಳು. ನನಗೆ ಅದರಿಂದ ಧೈರ್ಯವೇನೂ ಬರಲಿಲ್ಲ. ಆದರೆ ಒಬ್ಬಳೇ ಹೆದರುವುದು ತಪ್ಪಿತು.

ಕೆಂಪು ಗೆರೆ ದಾಟಲಿಲ್ಲ. ಕಿರುಬೆರಳನ್ನೂ ಅದರ ಪಕ್ಕದ್ದನ್ನೂ ತೆಗೆದರು. ಪಾದ ಉಳಿಯಿತು. ಮನೆಗೆ ಕಳಿಸುವ ದಿನ ನಾನು ಡಾಕ್ಟರಮ್ಮನ ಕೈ ಹಿಡಿದು, "ಇನ್ನ ಅಂಜಿಕಿ ಇಲ್ಲಲ್ರೀ?" ಎಂದೆ. ನನಗೆ ಬೇಕಾಗಿದ್ದದ್ದು ಒಂದು ಹೂಂ. ಅವರು ಕೊಡಲಿಲ್ಲ. ಎಡಗಾಲಿನಲ್ಲೂ ಸ್ಪರ್ಶ ಇಲ್ಲ, ಇದು ವಾಪಸ್ಸು ಬರುವಂಥದ್ದಲ್ಲ, ದಿನಾ ನೋಡಿಕೊಳ್ಳುತ್ತಾ ಇರಬೇಕು, ಬರಿಗಾಲಲ್ಲಿ ಒಂದು ಹೆಜ್ಜೆಯೂ ಇಡುವಂತಿಲ್ಲ, ಮನೆಯೊಳಗೂ, ಎಲ್ಲಿಯೂ ಎಂದರು. ಮೆತ್ತನೆಯ ಅಡಿಯ ಕಪ್ಪು ಚಪ್ಪಲಿ ಬರೆದುಕೊಟ್ಟರು.

ಅಂಗಡಿಗೆ ಬಂದು ನಾನು ಮಾಡಿದ ಮೊದಲ ಕೆಲಸ, ಚಪ್ಪಲಿಯ ಕಟ್ಟಳೆ ತೆಗೆದದ್ದು. ಎರಡನೆಯದು, ಅವರ ಮೇಜಿನ ಮೇಲೆ, ರಸ್ತೆಗೆ ಕಾಣುವ ಹಾಗೆ, ಗುಳಿಗೆಯ ಡಬ್ಬಿ ಇಟ್ಟದ್ದು. "ಇದಕ್ಕೂ ಹೆಸರ ಹಾಕ್ಲೇನು?" ಎಂದು ಕೇಳಿದರು.

ಸುಗ್ಗಿ ಹಬ್ಬ ಬಂತು. ಮಾನ್ವಿಗೆ ಹೋದೆವು. ಚರ್ಚಿನ ಮೆಟ್ಟಿಲ ಹತ್ತಿರ ಎಲ್ಲರ ಚಪ್ಪಲಿ ರಾಶಿ. ನಮ್ಮವರಲ್ಲಿ ಚಪ್ಪಲಿ ಮೆಟ್ಟಿ ಒಳಗೆ ಹೋಗುವ ರೂಢಿ ಇಲ್ಲ. ನಮ್ಮ ಮನೆಯವರು ಬಾಗಿಲಲ್ಲಿ ನಿಂತರು. ಬಾಗಿಲು ಕಾಯುವ ಹಿರಿಯರು ಅವರ ಕಾಲು ನೋಡಿ, ಬಹಳ ಸಂಕೋಚದಿಂದ, "ಅಣ್ಣಾ, ಚಪ್ಪಲ್ ಬಿಟ್ಟು ಬರ್ರಿ" ಎಂದರು.

"ಬಿಟ್ರ ಕಾಲು ಇಲ್ಲೇ ಬಿಡಬೇಕಾಗ್ತದ" ಎಂದು ನಕ್ಕು, ಅವರು ಮೆಟ್ಟಿಲ ಮೇಲೇ ಕೂತರು. ನನಗೆ, ನೀನು ಹೋಗು ಎಂದು ಕೈ ಮಾಡಿದರು.

ನಾನು ಹೋದೆ. ನನ್ನ ಜಾಗ ಮುಂದಿನ ಸಾಲು. ಕೊಡ ಇಟ್ಟು ಕೂತೆ. ಹಾಡು ಆಯಿತು, ಕಾಣಿಕೆ ಆಯಿತು. ಸಾಕ್ಷಿಯ ಹೊತ್ತಿಗೆ ಪಾಸ್ಟರು ನನ್ನ ಕಡೆ ನೋಡಿದರು. ಹೆಂಗಸರೂ ನೋಡಿದರು. ಪಾದ ಉಳಿದದ್ದು ಅವರಿಗೆಲ್ಲ ಗೊತ್ತು. ಒಂದು ದೊಡ್ಡ ಸಾಕ್ಷಿಗೆ ಅವರು ಸಿದ್ಧರಾಗಿದ್ದರು. ನನ್ನ ಬಾಯಿಗೂ ಅದು ಸಿದ್ಧವಾಗಿ ಬಂದಿತ್ತು. ಡಾಕ್ಟರು ಪಾದ ತೆಗೆಯುತ್ತೇನೆಂದರು, ದೇವರು ಬಿಡಲಿಲ್ಲ ಎಂದು ಶುರು ಮಾಡಿದರೆ ಸಾಕು, ಚರ್ಚು ತುಂಬ ಸ್ತೋತ್ರ ಏಳುತ್ತಿತ್ತು. ಅದು ಸುಳ್ಳೂ ಅಲ್ಲ. ಎದ್ದು ನಿಂತೆ. ಒಳಗೆ ಆ ಹಳೆಯ ಬಿಸಿ ಏರತೊಡಗಿದ್ದು ನನಗೇ ಗೊತ್ತಾಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಹೆದರಿದ್ದಕ್ಕಿಂತ ಹೆಚ್ಚು ಹೆದರಿಕೆ ಆ ಬಿಸಿಯಿಂದ ಆಯಿತು.

ಮುಂದಿನ ಸಾಲು ಬಿಟ್ಟು ನಡೆದೆ. ಜನ ದಾರಿ ಬಿಟ್ಟರು. ಬಾಗಿಲಿಗೆ ಬಂದು, ಮೆಟ್ಟಿಲ ಮೇಲೆ ಕೂತ ಮನುಷ್ಯನ ಪಕ್ಕದಲ್ಲಿ ನಿಂತು, ಅಲ್ಲಿಂದಲೇ ಒಳಗೆ ಮುಖ ಮಾಡಿ ಹೇಳಿದೆ.

"ನಮ್ಮ ಮನಿಗೆ ಗುಳಿಗಿ ಬಂದಾವ. ಹಿಂದನ ಬರಬೇಕಿತ್ತು, ನನ್ನ ಬಾಯಿಗೆ ಅಂಜಿ ಬಂದಿದ್ದಿಲ್ಲ. ಇನ್ನೊಂದು ಕಾಲೂ ಹಂಗ ಅದ. ಉಳಿತದೋ ಇಲ್ಲೋ ಗೊತ್ತಿಲ್ಲ. ಪ್ರಾರ್ಥನಿ ಮಾಡ್ರಿ."

ಯಾರೂ ಸ್ತೋತ್ರ ಅನ್ನಲಿಲ್ಲ. ಮುಂದಿಟ್ಟಿದ್ದ ಮೆಣಸಿನಕಾಯಿಯ ಘಾಟಿಗೆ ಯಾರೋ ಕೆಮ್ಮಿದರು. ಆಮೇಲೆ ಹೆಂಗಸರ ಕಡೆಯಿಂದ ಒಬ್ಬಳು ಎದ್ದು, ತನ್ನ ಗಂಡನಿಗೂ ಶುಗರ್ ಇದೆ, ಯಾರಿಗೂ ಹೇಳಿಲ್ಲ ಎಂದಳು. ಬಾಗಿಲು ಕಾಯುವ ಹಿರಿಯರು ಮೆಟ್ಟಿಲಿಳಿದು, ನಮ್ಮ ಮನೆಯವರ ತೋಳಿಗೆ ಕೈ ಕೊಟ್ಟು, "ಏಳ್ರಿ ಅಣ್ಣಾ, ಚಪ್ಪಲ್ ಸೈತ ಬರ್ರಿ" ಎಂದರು.

ಈಗ ನನ್ನ ದಿನ ಶುರುವಾಗುವುದು ಅವರ ಕಾಲಿನಿಂದ. ಬೆಳಗ್ಗೆ ಬಿಸಿಲು ಬರುವ ಕಿಟಕಿಯ ಹತ್ತಿರ ಅವರನ್ನು ಕೂರಿಸಿ, ಪಾದ ತೊಳೆದು, ಒರೆಸಿ, ಬೆರಳ ಸಂದಿ ಬಿಡಿಸಿ ನೋಡುತ್ತೇನೆ. ಮನೆಯಲ್ಲಿ ಶುಗರ್ ಇದ್ದವರಿಗೆ ನನ್ನ ಮಾತು ಇಷ್ಟೇ. ಬೆರಳ ಸಂದಿಯಲ್ಲಿ ತೇವ ಬಿಡಬೇಡಿ. ಚಪ್ಪಲಿ ಮೆಟ್ಟುವ ಮೊದಲು ಒಳಗೆ ಕೈ ಹಾಕಿ ನೋಡಿ. ನೀರಿನ ಬಿಸಿಯನ್ನು ಅವರ ಕಾಲಿಗೆ ಕೇಳಬೇಡಿ, ನಿಮ್ಮ ಮೊಣಕೈಗೆ ಕೇಳಿ. ನೋವಿಲ್ಲ ಎಂದರೆ ನಂಬಬೇಡಿ, ಕಣ್ಣಿನಿಂದ ನೋಡಿ.

ಅಂಗಡಿ ಚೆನ್ನಾಗಿ ನಡೆದಿದೆ. ಹೋದ ಹಂಗಾಮಿಗಿಂತ ಈ ಹಂಗಾಮು ಹೆಚ್ಚು. ಹಾಗೆ ಚೆನ್ನಾಗಿ ನಡೆದ ದಿನದ ಮರುದಿನವೇ ನನ್ನ ಕೈ ಅವರ ಕಾಲಿನ ಮೇಲೆ ಹೆಚ್ಚು ಹೊತ್ತು ಇರುತ್ತದೆ. ಇವತ್ತೂ ನೋಡಿದೆ. ಬಲಗಾಲಿನ ಅಂಗಾಲು ಚೊಕ್ಕವಾಗಿತ್ತು, ಎಲ್ಲಿಯೂ ಗೀರಿಲ್ಲ.

"ಹೆಂಗದ?" ಎಂದರು.

"ಆರಾಮ ಅದ" ಎನ್ನಲು ಬಾಯಿ ತೆರೆದೆ. ಹೇಳಲು ಅಂಜಿಕೆಯಾಯಿತು. ಎಡಗಾಲನ್ನು ಮಡಿಲಿಗೆ ಎತ್ತಿಕೊಂಡು, "ಇದನ್ನ ಇನ್ನ ನೋಡಿಲ್ಲ. ಅಲ್ಲಾಡಬ್ಯಾಡ್ರಿ" ಎಂದೆ.